ರಾಜಾ ದೀನದಯಾಳರು

ಕೃಷ್ಣೆ ತುಂಗಭದ್ರೆಯರ ನಡುವಣ ನಮ್ಮ ಎಡೆದೊರೆ ನಾಡು 1948ರವರೆಗೆ ಹೈದರಾಬಾದಿನ ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತೆಂಬುದು ಎಲ್ಲರೂ ಬಲ್ಲ ಸಂಗತಿ. ಆ ಆಸ್ಥಾನದ ಛಾಯಾಚಿತ್ರಕಾರರಾಗಿ ಕೀರ್ತಿಶಾಲಿಗಳಾದ ರಾಜಾ ದೀನದಯಾಳರ ಹೆಸರು ರಾಯಚೂರು, ದೇವದುರ್ಗ, ಮಾನ್ವಿಗಳ ನಮ್ಮ ಮಕ್ಕಳಿಗೆ ಅಪರಿಚಿತವಾಗಿ ಉಳಿಯಬಾರದು.

ದೀನದಯಾಳರು 1844ರಲ್ಲಿ ಮೀರತ್ ಬಳಿಯ ಸರ್ಧಾನಾ ಎಂಬ ಊರಿನ ಜೈನ ಮನೆತನವೊಂದರಲ್ಲಿ ಜನಿಸಿದರು. ರೂರ್ಕಿಯ ಥಾಮಸನ್ ಇಂಜಿನಿಯರಿಂಗ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಯನ್ನು ನಕ್ಷೆಗಾರರಾಗಿ ಸೇರಿದರು. ಕಟ್ಟಡಗಳ ಅಳತೆ, ಸಮತೋಲಗಳಲ್ಲಿ ಪಳಗಿದ ಆ ಕಣ್ಣು 1874ರ ಸುಮಾರಿಗೆ ಕ್ಯಾಮರಾದತ್ತ ಹೊರಳಿತು. ಬಿಡುವಿನ ವೇಳೆಯ ಹವ್ಯಾಸವಾಗಿ ಮೊದಲಾದುದು ಬರಬರುತ್ತ ಜೀವಿತದ ವೃತ್ತಿಯೇ ಆಯಿತು. ಸರ್ ಲೆಪೆಲ್ ಗ್ರಿಫಿನ್ನರೊಡನೆ ಬುಂದೇಲಖಂಡವನ್ನು ಸುತ್ತಿ ಅವರು ತೆಗೆದ ಕೋಟೆ ದೇಗುಲಗಳ ಚಿತ್ರಗಳು 1886ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದವು.

ಅಂದಿನ ಛಾಯಾಗ್ರಹಣದ ಶ್ರಮವನ್ನು ಇಂದಿನವರು ಊಹಿಸುವುದು ಕಷ್ಟ. ಮರದ ದೊಡ್ಡ ಕ್ಯಾಮರಾ ಪೆಟ್ಟಿಗೆ, ಅದನ್ನು ನಿಲ್ಲಿಸುವ ಮುಕ್ಕಾಲಿ, ಹತ್ತು ಹನ್ನೆರಡು ಅಂಗುಲದ ಗಾಜಿನ ಫಲಕಗಳು, ಇವೆಲ್ಲವನ್ನೂ ಹೊತ್ತು ಗುಡ್ಡ ಹತ್ತಬೇಕಾಗಿತ್ತು. ಮೊದಲಿನ ದಿನಗಳಲ್ಲಿ ಫಲಕಕ್ಕೆ ರಾಸಾಯನಿಕವನ್ನು ಸ್ಥಳದಲ್ಲಿಯೇ ಲೇಪಿಸಿ, ಅದು ಒಣಗುವುದರೊಳಗೆ ಚಿತ್ರ ತೆಗೆದು ಸಂಸ್ಕರಿಸಬೇಕಾಗಿತ್ತು. 1880ರ ದಶಕದಲ್ಲಿ ಒಣ ಫಲಕಗಳು ಬಳಕೆಗೆ ಬಂದ ಮೇಲೆ ಈ ತೊಡಕು ನೀಗಿತು. ಆದರೂ ಕರಿಯ ಬಟ್ಟೆಯೊಳಗೆ ತಲೆಯಿಟ್ಟು, ಮಂಜುಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ದೃಶ್ಯವನ್ನು ಪರೀಕ್ಷಿಸಿ, ತಕ್ಕ ಬೆಳಕಿಗಾಗಿ ಕಾಯುವುದು ತಪ್ಪಲಿಲ್ಲ. ಫಲಕವನ್ನು ಕಾಗದಕ್ಕೆ ಒತ್ತಿಟ್ಟು ಬಿಸಿಲಿನಲ್ಲಿ ಅಚ್ಚು ತೆಗೆಯುತ್ತಿದ್ದುದರಿಂದ ಚಿತ್ರವೂ ಫಲಕದಷ್ಟೇ ದೊಡ್ಡದಾಗಿ, ಗೋಡೆಯ ಒಂದೊಂದು ಕಲ್ಲೂ ಎಣಿಸಬಹುದಾದಷ್ಟು ಸ್ಪಷ್ಟವಾಗಿ ಮೂಡುತ್ತಿತ್ತು. ಮುಂದೆ ಗಾಜಿನ ಸ್ಥಾನಕ್ಕೆ ಫಿಲ್ಮಿನ ಹಾಳೆ ಬಂದರೂ ದೊಡ್ಡ ಕ್ಯಾಮರಾಗಳ ಕ್ರಮ ಬಹುಮಟ್ಟಿಗೆ ಇದೇ ಆಗಿ ಉಳಿಯಿತು.

ಸರಕಾರಿ ಸೇವೆಯನ್ನು ಬಿಟ್ಟ ದೀನದಯಾಳರು ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರ ಆಶ್ರಯ ಪಡೆದು ಸಿಕಂದರಾಬಾದಿನಲ್ಲಿ ಚಿತ್ರಶಾಲೆ ತೆರೆದರು. ಅರಮನೆಯ ದರ್ಬಾರು, ಬೇಟೆಗಳನ್ನು ಚಿತ್ರಿಸಿದಂತೆಯೇ ರಾಜ್ಯದ ಪ್ರಾಚೀನ ಸ್ಮಾರಕಗಳನ್ನೂ ಚಿತ್ರಿಸಿದರು. ನಮ್ಮ ನೆರೆಯ ಬೀದರಿನಲ್ಲಿರುವ ಮಹಮೂದ್ ಗವಾನನ ಮದರಸಾ ಅವರ ಫಲಕದಲ್ಲಿ ಮೂಡಿ ನಿಂತಿದೆ. 1892ರಲ್ಲಿ ಪರದೆಯ ಸ್ತ್ರೀಯರಿಗಾಗಿ ಪ್ರತ್ಯೇಕ ಚಿತ್ರಶಾಲೆಯೊಂದನ್ನು ಸ್ಥಾಪಿಸಿ, ಅದರ ಹೊಣೆಯನ್ನು ಆಂಗ್ಲ ಮಹಿಳೆಯೊಬ್ಬರಿಗೆ ವಹಿಸಿದರು. ನಿಜಾಮರು ಅವರಿಗೆ ರಾಜಾ ಬಹಾದ್ದೂರ್ ಮುಸವ್ವಿರ್ ಜಂಗ್ ಎಂಬ ಬಿರುದನ್ನಿತ್ತು ಗೌರವಿಸಿದರು. 1896ರಲ್ಲಿ ಮುಂಬಯಿಯಲ್ಲಿಯೂ ಅವರ ಶಾಖೆ ಆರಂಭವಾಯಿತು. 1905ರಲ್ಲಿ ಅವರು ಕಾಲವಾದರು.

ಈ ಮಹನೀಯರ ಬಾಳಿನಲ್ಲಿ ನಾವು ವಿಶೇಷವಾಗಿ ಗಮನಿಸಬೇಕಾದುದು ಅವರ ಅಚ್ಚುಕಟ್ಟು. ಫಲಕಗಳಿಗೆ ಕ್ರಮಸಂಖ್ಯೆ ಹಾಕಿ, ಸ್ಥಳದ ಹೆಸರು ಬರೆದಿಡುವ ಪದ್ಧತಿ ಅವರಲ್ಲಿತ್ತು. ಗಾಜು ಒಡೆಯುವ ವಸ್ತು. ಅದನ್ನು ತಲೆಮಾರುಗಳವರೆಗೆ ಕಾಯುವುದು ಸುಲಭವಲ್ಲ. ಹಾಗಿದ್ದರೂ ಅವರ ಚಿತ್ರಶಾಲೆಯ 2,857 ಫಲಕಗಳನ್ನು ದೆಹಲಿಯ ಇಂದಿರಾಗಾಂಧಿ ರಾಷ್ಟ್ರೀಯ ಕಲಾಕೇಂದ್ರವು 1989ರಲ್ಲಿ ಪಡೆದು ಸಂರಕ್ಷಿಸಿತು. ಉಳಿದ ಫಲಕದಿಂದ ಊರಿನ ನೆನಪು ಉಳಿಯುತ್ತದೆ. ಹೆಸರಿಲ್ಲದ ಚಿತ್ರ ಮಾತ್ರ ಉಳಿದೂ ಮೂಕವಾಗಿರುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿಗಳ ಮನೆಗಳ ಸಂದೂಕುಗಳಲ್ಲಿಯೂ ರಾಯಚೂರಿನ ಕೋಟೆಯ ಮುಂದೆ, ದೇವದುರ್ಗದ ಬೀದಿಗಳಲ್ಲಿ, ಮಾನ್ವಿಯ ಗುಡ್ಡದ ಕೆಳಗೆ ತೆಗೆಸಿದ ಚಿತ್ರಗಳಿರಬಹುದು. ಬಲ್ಲ ಹಿರಿಯರು ಇರುವಾಗಲೇ ಅವುಗಳ ಬೆನ್ನಿಗೆ ಊರು, ವರ್ಷ, ವ್ಯಕ್ತಿಗಳ ಹೆಸರುಗಳನ್ನು ಬರೆದಿಡುವುದು ಲೇಸು. ಅಂಥವುಗಳ ಪ್ರತಿಗಳನ್ನು ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಿದರೆ, ದೀನದಯಾಳರನ್ನು ಸ್ಮರಿಸಿದುದು ಸಾರ್ಥಕವಾದೀತು.