ಕರಡಿಮರಿ ಸಾಕಿದ ಬೇಟೆಗಾರ: ಕೆನೆತ್ ಆಂಡರ್ಸನ್

ಬಿಜಾಪುರ, ಗದಗ, ಕೊಪ್ಪಳದ ಕಡೆಯಿಂದ ದುಡಿಮೆಗಾಗಿ ಗೋವೆಗೆ ಬಂದ ನಮ್ಮ ಹಿರಿಯರಲ್ಲಿ ಅನೇಕರು ಚಿಕ್ಕಂದಿನಲ್ಲಿ ಕರಡಿ ಆಡಿಸುವವರನ್ನು ಕಂಡವರೇ. ಮೂತಿಗೆ ಹಗ್ಗ ಪೋಣಿಸಿದ ಕರಡಿ ಓಣಿಗೆ ಬಂದಿತೆಂದರೆ ಮಕ್ಕಳ ಅಂಜಿಕೆ ಹೋಗಲೆಂದು ಅದರ ಬೆನ್ನ ಮೇಲೆ ಕೂರಿಸುತ್ತಿದ್ದರು. ಅದರ ಕೂದಲನ್ನು ತಾಯತದಲ್ಲಿಟ್ಟು ಕೊರಳಿಗೆ ಕಟ್ಟುತ್ತಿದ್ದರು. ಇಂದಿನ ಮಕ್ಕಳು ಆ ಆಟವನ್ನು ಕಂಡಿಲ್ಲ. ಆದರೆ ನಮ್ಮ ಕೆಪೆಯಿಂದ ಸಾಂಗೆ ತಾಲೂಕಿನತ್ತ ಹೊರಟರೆ ಸಿಗುವ ನೇತ್ರಾವಳಿಯ ಅಭಯಾರಣ್ಯದಲ್ಲಿ ಕರಡಿಗಳು ಇಂದಿಗೂ ಇವೆ. ಆದುದರಿಂದ ಈ ಸಲದ ಸಂಚಿಕೆಯಲ್ಲಿ ಕರಡಿಯೊಂದನ್ನು ಮನೆಯಲ್ಲೇ ಸಾಕಿದ ಬೆಂಗಳೂರಿನ ಬೇಟೆಗಾರರೊಬ್ಬರ ಬಾಳನ್ನು ಹೇಳಬಯಸುತ್ತೇವೆ.

ಕೆನೆತ್ ಆಂಡರ್ಸನ್ 1910ರ ಮಾರ್ಚ್ 8ರಂದು ಸಿಕಂದರಾಬಾದಿನ ಬಳಿಯ ಬೊಲಾರಂನಲ್ಲಿ ಜನಿಸಿದರು. ಅವರ ಪೂರ್ವಿಕರು ಸ್ಕಾಟ್ಲೆಂಡಿನವರು. ಕೆಲವು ತಲೆಮಾರುಗಳಿಂದ ಭಾರತದಲ್ಲೇ ನೆಲೆಸಿದ್ದರು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದು. ಮುಂದೆ ಅದೇ ಊರಿನ ವಿಮಾನ ಕಾರ್ಖಾನೆಯಲ್ಲಿ ಉದ್ಯೋಗ. ರಜೆ ಸಿಕ್ಕರೆ ಮಾತ್ರ ಅವರು ಊರಲ್ಲಿ ನಿಲ್ಲುತ್ತಿರಲಿಲ್ಲ. ಕನ್ನಡ, ತಮಿಳು ಬಲ್ಲವರಾದ್ದರಿಂದ ಕಾಡಂಚಿನ ಜನರೊಡನೆ ಕುಳಿತು ಮಾತನಾಡುತ್ತ ಅಡವಿಯ ಸುದ್ದಿ ತಿಳಿಯುತ್ತಿದ್ದರು. ನರಭಕ್ಷಕ ಹುಲಿ, ಚಿರತೆಗಳ ಬೆನ್ನು ಹತ್ತಿದ ಅನುಭವಗಳನ್ನು ಬರೆದರು. ಮೊದಲ ಪುಸ್ತಕ ಬಂದದ್ದು 1954ರಲ್ಲಿ. ಕನ್ನಡದಲ್ಲಿ ಆ ಕಥೆಗಳನ್ನು ಮನೆಮಾತಾಗಿಸಿದವರು ಪೂರ್ಣಚಂದ್ರ ತೇಜಸ್ವಿಯವರು.

ಕರಡಿಯೆಂದರೆ ಏನೆಂಬುದು ಆಂಡರ್ಸನ್ನರಿಗೆ ಚೆನ್ನಾಗಿ ಗೊತ್ತಿತ್ತು. ಅರಸೀಕೆರೆಯ ಸುತ್ತಿನ ಬೆಟ್ಟಗಳಲ್ಲಿ ಹನ್ನೆರಡು ಮಂದಿಯನ್ನಾದರೂ ಕೊಂದು, ಇನ್ನೂ ಹಲವರ ಮುಖ ಹರಿದ ಕರಡಿಯನ್ನು ಹೊಡೆದವರು ಅವರೇ. ಕರಡಿ ಎದ್ದು ನಿಂತು ಉಗುರು ಬೀಸುವುದು ಮುಖಕ್ಕೇ. ಬದುಕಿ ಉಳಿದವರೂ ಕಣ್ಣು ಮೂಗು ಕಳೆದುಕೊಂಡು ಉಳಿಯುತ್ತಾರೆ.

ಹೀಗಿದ್ದೂ ಅವರ ಮನೆಗೆ ಕರಡಿಮರಿ ಬಂದಿತು. ಮೈಸೂರಿನ ಬಳಿ ಕಬ್ಬಿನ ಗದ್ದೆಗಳಿಂದ ಹಂದಿಗಳನ್ನು ಓಡಿಸುತ್ತಿದ್ದಾಗ ಕರಡಿಯೊಂದು ಹೊರಬಂದಿತು. ಆಂಡರ್ಸನ್ನರು ಅದನ್ನು ಹೊಡೆಯಲು ಒಲ್ಲರು. ಜೊತೆಗಿದ್ದವರೊಬ್ಬರು ಗುಂಡು ಹಾರಿಸಿಯೇಬಿಟ್ಟರು. ಸತ್ತ ಕರಡಿಯ ಬೆನ್ನ ರೋಮ ಅಲುಗಿದಂತಾಯಿತು. ನೋಡಿದರೆ ಅದು ಮರಿ! ತಾಯಿಕರಡಿ ತಿಂಗಳುಗಟ್ಟಲೆ ಮರಿಯನ್ನು ಬೆನ್ನ ಮೇಲೆಯೇ ಹೊತ್ತು ತಿರುಗುತ್ತದೆ. ಆ ಮರಿ ತಾಯಿಯ ಸುತ್ತ ಸುತ್ತಿ ಅಳತೊಡಗಿತು. ಪರಚುತ್ತ ಕಚ್ಚಲು ಬಂದ ಅದನ್ನು ಹಿಡಿದು ಗೋಣಿಚೀಲದಲ್ಲಿ ಹಾಕಿ ಬೆಂಗಳೂರಿಗೆ ತಂದು ಪತ್ನಿಯ ಕೈಗೆ ಕೊಟ್ಟರು. ಈ ಅಕ್ಕರೆಯ ಕಥೆ ಹುಟ್ಟಿದ್ದು ಒಂದು ಗುಂಡಿನಿಂದ ಎಂಬುದನ್ನು ಓದುವವರು ಬೇಗ ಮರೆಯುತ್ತಾರೆ.

ಆಕೆ ಮರಿಗೆ ಬ್ರೂನೊ ಎಂದು ಹೆಸರಿಟ್ಟರು. ಅನಂತರ ಅದು ಬಾಬಾ ಆಯಿತು. ಮೊದಲು ಬಾಟಲಿ ಹಾಲು, ಬರಬರುತ್ತ ಅನ್ನ, ಸಾರು, ಮೊಟ್ಟೆ, ಮಿಠಾಯಿ, ಚಹಾ, ಕಾಫಿ ಎಲ್ಲವೂ. ಮನೆಯ ನಾಯಿಗಳೊಡನೆ ಆಟ, ಮನೆಯವರ ಹಾಸಿಗೆಯಲ್ಲೇ ನಿದ್ದೆ. ಒಮ್ಮೆ ಇಲಿಗೆ ಇಟ್ಟ ಪಾಷಾಣ ತಿಂದು ಕೈಕಾಲು ಬಿದ್ದುಹೋದಾಗ ತೆವಳುತ್ತ ಬಂದದ್ದು ಆಕೆಯ ಬಳಿಗೇ. ಪಶುವೈದ್ಯರು ಎರಡು ಚುಚ್ಚುಮದ್ದು ಕೊಟ್ಟ ಮೇಲೆ ಚೇತರಿಸಿಕೊಂಡು ಹೊಟ್ಟೆತುಂಬ ಉಂಡಿತಂತೆ. ಮತ್ತೊಮ್ಮೆ ಗೆದ್ದಲಿಗೆ ಹಾಕಲೆಂದು ತೆಗೆದಿಟ್ಟ ಮೋಟಾರಿನ ಹಳೆಯ ಎಣ್ಣೆಯನ್ನೇ ಕುಡಿದುಬಿಟ್ಟಿತು. ಗೆದ್ದಲು ತಿಂದು ಬದುಕಬೇಕಾದ ಪ್ರಾಣಿ ಗೆದ್ದಲಿನ ಮದ್ದು ಕುಡಿದದ್ದನ್ನು ಓದಿ ನಾವು ನಕ್ಕದ್ದೂ ಉಂಟು.

ಆದರೆ ಮರಿ ಮರಿಯಾಗಿ ಉಳಿಯಲಿಲ್ಲ. ಅದರ ಎತ್ತರ ನಾಯಿಗಳನ್ನು ಮೀರಿತು. ಅದು ಯಾರಿಗೂ ಕೆಡುಕು ಮಾಡಿರಲಿಲ್ಲ, ನಿಜ. ವಠಾರದಲ್ಲಿ ಬಾಡಿಗೆಗಿದ್ದವರ ಮಕ್ಕಳಿದ್ದರು. ಆಟದಲ್ಲೇ ಒಂದು ಪೆಟ್ಟು ಬಿದ್ದರೆ ಗತಿಯೇನು? ಹೀಗಾಗಿ ಹಾಸಿಗೆಯಲ್ಲಿ ಮಲಗುತ್ತಿದ್ದ ಬಾಬಾನಿಗೆ ದಿನದ ಬಹುಪಾಲು ಸರಪಳಿ ಬಂದಿತು. ಕಡೆಗೆ ಪತ್ನಿಯನ್ನು ಬಹಳ ಒಪ್ಪಿಸಿ ಮೈಸೂರಿನ ಮೃಗಾಲಯಕ್ಕೆ ಕಳುಹಿಸಿದರು.

ಅಲ್ಲಿ ಕರಡಿ ಅನ್ನ ಬಿಟ್ಟಿತು; ಇಲ್ಲಿ ಆಕೆಯೂ ಬಿಟ್ಟರು. ಮೂರು ತಿಂಗಳು ತಡೆದ ಗಂಡ ಕೊನೆಗೆ ಕರೆದುಕೊಂಡು ಹೋಗಲೇಬೇಕಾಯಿತು. ಕರಡಿ ಆಕೆಯನ್ನು ಮರೆತಿರುತ್ತದೆಂದು ಸ್ನೇಹಿತರು ತಿಳಿದಿದ್ದರು. ಬೋನಿನಿಂದ ಇನ್ನೂ ದೂರದಲ್ಲಿರುವಾಗಲೇ ಅದು ಗುರುತಿಸಿ ಕೂಗಿತು, ತಲೆಕೆಳಗಾಗಿ ನಿಂತು ಕುಣಿಯಿತು. ಸಂಜೆ ಬಾಗಿಲು ಮುಚ್ಚುವ ಹೊತ್ತಿಗೆ ಇಬ್ಬರೂ ಅತ್ತರು. ಆಗ ಅದು ಸರ್ಕಾರದ ಸ್ವತ್ತು. ಬೆಂಗಳೂರಿನ ಮೇಲಧಿಕಾರಿಗಳನ್ನು ಕಂಡು ಬೇಡಿಕೊಂಡು ಮರಳಿ ತಂದದ್ದಾಯಿತು. ಅಂಗಳದಲ್ಲಿ ಸುತ್ತಲೂ ಏಳಡಿ ಆಳದ ಒಣ ಕಂದಕ ತೋಡಿಸಿ ನಡುವೆ ಅದಕ್ಕೊಂದು ದ್ವೀಪ ಮಾಡಿಕೊಟ್ಟರು. ಮಾವಿನ ಕೊಂಬೆಗೆ ಕಟ್ಟಿದ ಹಗ್ಗ ಹಿಡಿದು ಆಕೆ ಉಯ್ಯಾಲೆಯಂತೆ ಜೀಕಿ ಅದನ್ನು ದಾಟುತ್ತಿದ್ದರು; ಅಷ್ಟು ದೊಡ್ಡ ಕರಡಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಂಟೆಗಟ್ಟಲೆ ಇರುತ್ತಿದ್ದರು.

ಇದನ್ನು ಓದುವಾಗ ನಮಗೆ ಎರಡು ಮನಸ್ಸು. ಆ ಪ್ರೀತಿ ಸುಳ್ಳಲ್ಲ. ಆದರೆ ಪ್ರೀತಿಯಿದ್ದ ಮನೆಯಲ್ಲೂ ಕಂದಕ ಬೇಕಾಯಿತು. ಮನುಷ್ಯರ ಮಡಿಲಲ್ಲಿ ಬೆಳೆದ ಆ ಪ್ರಾಣಿ ಕಾಡಿಗೆ ಹೋಗಿ ತಾನೇ ಹುತ್ತ ಅಗೆದು ಬದುಕುವಂತೆಯೂ ಇರಲಿಲ್ಲ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಕಾಡಿನ ಮರಿಯನ್ನು ಹಿಡಿದು ಮನೆಯಲ್ಲಿ ಸಾಕುವುದು ಅಪರಾಧವಾಯಿತು. ಇನ್ನೆರಡು ವರ್ಷಗಳಲ್ಲಿ, 1974ರಲ್ಲಿ, ಆಂಡರ್ಸನ್ ಬೆಂಗಳೂರಿನಲ್ಲೇ ತೀರಿಕೊಂಡರು. ಅದೇ ಊರಿನ ಅಂಚಿನ ಬನ್ನೇರುಘಟ್ಟದಲ್ಲಿ ಮುಂದೆ ಕರಡಿಗಳ ಆಶ್ರಯಧಾಮವೊಂದು ಏರ್ಪಟ್ಟಿತು. ನಮ್ಮ ಹಿರಿಯರು ಕಂಡಂಥ, ಕುಣಿಸಲು ಸಾಕಿದ ಕರಡಿಗಳನ್ನು ಅಲ್ಲಿಗೆ ತಂದು ಬಿಟ್ಟರು. ಹಗ್ಗ ಬಿಚ್ಚಿದ ಮೇಲೂ ಮೂತಿಯ ಗಾಯದ ಗುರುತು ಉಳಿದ ಆ ಪ್ರಾಣಿಗಳನ್ನು ಕಾಡಿಗೆ ಬಿಡಲಿಲ್ಲ. ಮನುಷ್ಯರೇ ಗಂಜಿ ಹಣ್ಣು ಕೊಟ್ಟು ಕೊನೆಯವರೆಗೆ ನೋಡಿಕೊಳ್ಳಬೇಕಾಯಿತು.