ಪಿಯಾನೊವನ್ನು ನೆಚ್ಚಿದ ಮಹಾರಾಜರು

ನಾನು ಹರಿಹರದವನು, ದಾವಣಗೆರೆಯ ಕಾಲೇಜಿಗೆ ದಿನವೂ ಬಂದುಹೋಗುವವನು. ನಮ್ಮೂರಿನ ತುಂಗಭದ್ರೆ ಹಿಂದೆ ಮೈಸೂರು ಸಂಸ್ಥಾನದ ಗಡಿಯಾಗಿತ್ತು. ಆ ಸಂಸ್ಥಾನದ ಕೊನೆಯ ಅರಸರು ಶ್ರೀ ಜಯಚಾಮರಾಜ ಒಡೆಯರು.

1919ರಲ್ಲಿ ಜನಿಸಿದ ಅವರಿಗೆ ಪಿಯಾನೊ ವಾದಕರಾಗುವ ಹಂಬಲವಿತ್ತು. 1940ರಲ್ಲಿ ತಂದೆಯವರೂ ದೊಡ್ಡಪ್ಪನವರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡರು. 21ನೆಯ ವಯಸ್ಸಿಗೆ ಸಿಂಹಾಸನ ಬಂತು. ಹಂಬಲ ಹಿಂದೆ ಉಳಿಯಿತು. ಆದರೂ ಅಭ್ಯಾಸ ಬಿಡದೆ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು.

ಆಗ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯದ ವೃದ್ಧ ಪಿಯಾನೊ ವಾದಕರು ಅನಾರೋಗ್ಯದಿಂದಲೂ ಹಣದ ಅಡಚಣೆಯಿಂದಲೂ ಬಳಲುತ್ತಿದ್ದರು. ಬೇತೋವನ್ ಬೆಳೆಸಿದ ಸೊನಾಟಾ ರೂಪವನ್ನು ಬಿಡದೆ ಕೃತಿ ರಚಿಸಿದವರು ಅವರು. ಮಹಾರಾಜರು ಹಣವಿತ್ತು, ಮೆಟ್ನರ್ ಅವರ ಕನ್ಸರ್ಟೋ, ಸೊನಾಟಾ, ಗೀತೆಗಳನ್ನು ಅವರಿಂದಲೇ ನುಡಿಸಿ ಧ್ವನಿಮುದ್ರಣ ಮಾಡಿಸಿದರು. ಮೆಟ್ನರ್ ತಮ್ಮ ಮೂರನೆಯ ಕನ್ಸರ್ಟೋವನ್ನು ಅರಸರಿಗೆ ಅರ್ಪಿಸಿದರು. 1951ರಲ್ಲಿ ಅವರೂ, 1974ರಲ್ಲಿ ಒಡೆಯರೂ ಕಾಲವಾದರು, ನಾದ ಉಳಿಯಿತು.

ಮೊನ್ನೆ ಹೊಳೆದಂಡೆಯಲ್ಲಿ ಕುಳಿತು ಆ ನಾದವನ್ನು ಮೊಬೈಲಿನಲ್ಲಿ ಕೇಳಿದೆ. ತಂದೆಯವರು ಹೋದ ಮೇಲೆ ಹಾರ್ಮೋನಿಯಂ ಮುಚ್ಚಿಟ್ಟು ಸಂಜೆ ಅಂಗಡಿಯ ಲೆಕ್ಕ ಬರೆಯುವವನು ನಾನು. ಕೈತಪ್ಪಿದ ವಿದ್ಯೆಗೆ ಕೊರಗುವುದಷ್ಟೇ ನನಗೆ ಗೊತ್ತಿತ್ತು. ಈಗ ತಂಗಿ ಆ ಹಾರ್ಮೋನಿಯಂ ಕಲಿಯುತ್ತಿದ್ದಾಳೆ; ಪಾಠದ ಫೀಜು ನನ್ನದು.