ಪಂಡಿತಾ ರಮಾಬಾಯಿ

ಕಾರ್ಕಳ ತಾಲೂಕಿನ ಮಾಳ ಗ್ರಾಮಕ್ಕೂ ಪುಣೆಗೂ ಇರುವ ನಂಟು ನಮ್ಮ ಹೋಟೆಲುಗಳಿಗಿಂತ ಹಳೆಯದು. ಪೇಶ್ವೆಯರ ಕಾಲದಲ್ಲಿಯೇ ಆ ಊರಿನ ಅನಂತಶಾಸ್ತ್ರಿ ಡೋಂಗ್ರೆಯವರು ಸಂಸ್ಕೃತ ಕಲಿಯಲು ಇಲ್ಲಿಗೆ ಬಂದಿದ್ದರು. ಗುರುಗಳಾದ ರಾಮಚಂದ್ರಶಾಸ್ತ್ರಿಗಳು ಪೇಶ್ವೆಯವರ ಪತ್ನಿಗೆ ಪಾಠ ಹೇಳುತ್ತಿದ್ದುದನ್ನು ಕಂಡು, ತಮ್ಮ ಮನೆಯ ಸ್ತ್ರೀಯರಿಗೂ ವಿದ್ಯೆ ಕಲಿಸಬೇಕೆಂದು ನಿಶ್ಚಯಿಸಿದರು. ಊರಿನಲ್ಲಿ ವಿರೋಧ ಬರಲು, ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿ ಪತ್ನಿ ಲಕ್ಷ್ಮೀಬಾಯಿಗೆ ಅಲ್ಲಿಯೇ ಪಾಠ ಹೇಳಿದರು. 1858ರ ಏಪ್ರಿಲ್ 23ರಂದು ಆ ಕಾಡಿನಲ್ಲಿ ಹುಟ್ಟಿದ ಮಗಳೇ ಪಂಡಿತಾ ರಮಾಬಾಯಿ.

ಪುರಾಣ ಹೇಳುತ್ತ, ಕ್ಷೇತ್ರದಿಂದ ಕ್ಷೇತ್ರಕ್ಕೆ ಕಾಲ್ನಡೆಯಲ್ಲಿ ಸಂಚರಿಸುವುದೇ ಈ ಕುಟುಂಬದ ಜೀವನವಾಯಿತು. 1870ರ ದಶಕದ ಕ್ಷಾಮವು ತಂದೆತಾಯಿಗಳನ್ನೂ ಅಕ್ಕನನ್ನೂ ಕೊಂಡೊಯ್ದಿತು. ಉಳಿದ ಅಣ್ಣ ತಂಗಿಯರು ಉತ್ತರ ದೇಶವನ್ನೆಲ್ಲ ಸುತ್ತಿ 1878ರಲ್ಲಿ ಕಲಕತ್ತೆಗೆ ಬಂದರು. ಇಪ್ಪತ್ತು ವರ್ಷದ ಆ ಯುವತಿಯ ಸಂಸ್ಕೃತ ಪಾಂಡಿತ್ಯಕ್ಕೆ ಬೆರಗಾದ ವಿದ್ವಾಂಸರು ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದಿತ್ತರು. ಅಣ್ಣನೂ ತೀರಿಕೊಂಡ ಮೇಲೆ ಆಕೆ 1880ರಲ್ಲಿ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸರನ್ನು ವರಿಸಿದರು. ಎರಡು ವರ್ಷ ತುಂಬುವ ಮೊದಲೇ ಕಾಲರಾ ಬೇನೆಯಿಂದ ಪತಿ ಗತಿಸಿದರು. ಕೈಗೂಸು ಮನೋರಮೆಯೊಡನೆ ವಿಧವೆ ರಮಾಬಾಯಿ 1882ರಲ್ಲಿ ಪುಣೆಗೆ ಬಂದರು.

ಇಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಹಂಟರ್ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಸ್ತ್ರೀಯರಿಗೆ ಉಪಾಧ್ಯಾಯಿನಿಯರೂ ವೈದ್ಯೆಯರೂ ಬೇಕೆಂದು ವಾದಿಸಿದರು. ಮರುವರ್ಷ ಇಂಗ್ಲೆಂಡಿಗೆ ಹೋಗಿ, 1883ರ ಸೆಪ್ಟೆಂಬರ್ 29ರಂದು ವಾಂಟೇಜ್ ಊರಿನಲ್ಲಿ ಕ್ರಿಸ್ತಮತವನ್ನು ಸ್ವೀಕರಿಸಿದರು. ನಿನ್ನೆಯವರೆಗೆ ಸರಸ್ವತಿ ಎಂದು ಕೊಂಡಾಡಿದ ಸಮಾಜದಲ್ಲಿ ಕೋಲಾಹಲವಾಯಿತು.

ಅವರನ್ನು ಬರಮಾಡಿಕೊಂಡ ಮಠದವರಿಗಾದರೂ ಸಮಾಧಾನವಾಯಿತೇ ಎಂದರೆ ಅದೂ ಇಲ್ಲ. ರಮಾಬಾಯಿ ಶಾಕಾಹಾರವನ್ನು ಬಿಡಲೊಲ್ಲರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತ ಏಕಿರಬಾರದು ಎಂದು ಕೇಳಿದರು. ಗುರುಗಳು ಹೇಳಿದರೆಂಬ ಕಾರಣಕ್ಕೆ ಯಾವ ಸಿದ್ಧಾಂತವನ್ನೂ ಒಪ್ಪದೆ, ಗ್ರಂಥವನ್ನು ತಾವೇ ಓದಿ ನಿರ್ಣಯಿಸುವೆನೆಂದರು. ಹೀಗೆ ಒಂದು ಪಕ್ಷಕ್ಕೆ ಆಕೆ ಧರ್ಮ ಬಿಟ್ಟವರು. ಇನ್ನೊಂದು ಪಕ್ಷಕ್ಕೆ ದೇಶಾಚಾರವನ್ನು ಬಿಡದವರು. ಅಲ್ಪಸಂಖ್ಯಾತ ಮತಕ್ಕೆ ಸೇರಿದವರ ಸಂಕಟವು ಇಷ್ಟು ಸ್ಪಷ್ಟವಾಗಿ ಇನ್ನೊಂದು ಜೀವನದಲ್ಲಿ ಕಾಣುವುದು ಅಪರೂಪವೆಂದು ನಾವು ಎಣಿಸುತ್ತೇವೆ.

ಅಮೇರಿಕದಲ್ಲಿ ಧನಸಂಗ್ರಹ ಮಾಡಿ, 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಬ್ರಾಹ್ಮಣ ಬಾಲೆಯರು ತಮ್ಮ ಮಡಿಯನ್ನು ಕಾಯ್ದುಕೊಳ್ಳಲು ಅಲ್ಲಿ ಬೇರೆ ಅಡಿಗೆಯ ಏರ್ಪಾಡಿತ್ತು. ಧೋಂಡೋ ಕೇಶವ ಕರ್ವೆಯವರನ್ನು ಮುಂದೆ ಪುನರ್ವಿವಾಹವಾದ ಗೋದೂಬಾಯಿ ಅಲ್ಲಿಯೇ ಕಲಿತವರು. ಆದರೆ ರಮಾಬಾಯಿ ತಮ್ಮ ಪ್ರಾರ್ಥನೆಯ ಹೊತ್ತಿನಲ್ಲಿ ಬಾಗಿಲು ಮುಚ್ಚುತ್ತಿರಲಿಲ್ಲ. ಬಾಲೆಯರು ಬಂದು ಕುಳಿತರೆ ತಡೆಯುತ್ತಿರಲಿಲ್ಲ. ತಿಲಕರ ಕೇಸರಿಯು ಇದನ್ನು ಕಟುವಾಗಿ ಖಂಡಿಸಿತು. 1893ರಲ್ಲಿ ರಾನಡೆ, ಭಾಂಡಾರಕರರಂತಹ ಹಿತೈಷಿಗಳೂ ಸಲಹಾ ಸಮಿತಿಯಿಂದ ಹೊರಬಂದರು. ಅನೇಕ ಪಾಲಕರು ಮಕ್ಕಳನ್ನು ಕರೆದೊಯ್ದರು. ಮತದ ವಿಷಯದಲ್ಲಿ ತಟಸ್ಥವಾಗಿರುವುದೆಂಬ ಭರವಸೆಯಿಂದ ಮಕ್ಕಳನ್ನು ಒಪ್ಪಿಸಿದವರ ಕಳವಳವನ್ನು ನಾವು ತಳ್ಳಿಹಾಕಲಾರೆವು. ತನ್ನ ಮನೆಯಲ್ಲಿ ತನ್ನ ದೇವರನ್ನು ಬಾಗಿಲು ತೆರೆದೇ ಪ್ರಾರ್ಥಿಸುವ ಹಕ್ಕು ಆಕೆಗಿಲ್ಲವೆಂದೂ ಹೇಳಲಾರೆವು.

1896-97ರ ಕ್ಷಾಮದಲ್ಲಿ ಅವರು ಮಧ್ಯಪ್ರಾಂತಕ್ಕೆ ಹೋಗಿ ನೂರಾರು ಅನಾಥ ಬಾಲೆಯರನ್ನು ಕರೆತಂದರು. ಸ್ವತಃ ಹಸಿವಿನಿಂದ ತಂದೆತಾಯಿಗಳನ್ನು ಕಳೆದುಕೊಂಡಾಕೆಗೆ ಅದು ಪರರ ದುಃಖವಾಗಿರಲಿಲ್ಲ. ಪುಣೆಯಲ್ಲಿ ಪ್ಲೇಗಿನ ನಿರ್ಬಂಧವಿದ್ದುದರಿಂದ ಕೇಡಗಾಂವದ ಹೊಲದಲ್ಲಿ ಅವರಿಗೆ ನೆಲೆ ಕಲ್ಪಿಸಿದರು. ಅದೇ ಮುಕ್ತಿ ಸದನ. 1900ರ ವೇಳೆಗೆ ಅಲ್ಲಿ ಬಹುಸಂಖ್ಯೆಯ ಮಂದಿಯಿದ್ದರು. ಬೇಸಾಯ, ನೇಯ್ಗೆ, ಅಚ್ಚಿನ ಕೆಲಸಗಳನ್ನು ಸ್ತ್ರೀಯರೇ ಮಾಡುತ್ತಿದ್ದರು. ರಮಾಬಾಯಿ ಹೀಬ್ರೂ ಮತ್ತು ಗ್ರೀಕ್ ಕಲಿತು ಬೈಬಲನ್ನು ಹಳ್ಳಿಯ ಹೆಂಗಸರಿಗೂ ತಿಳಿಯುವ ಮರಾಠಿಗೆ ತಂದರು. ಅವರ ಸೇವೆ ಕನ್ನಡನಾಡಿಗೂ ತಲುಪಿತು: 1912ರ ಸುಮಾರಿಗೆ ಗುಲ್ಬರ್ಗದಲ್ಲಿ, ಇಂದಿನ ಕಲಬುರಗಿಯಲ್ಲಿ, ಮಗಳು ಮನೋರಮೆಯ ನೆರವಿನಿಂದ ಶಾಲೆಯೊಂದು ಆರಂಭವಾಯಿತು. 1921ರಲ್ಲಿ ಮನೋರಮೆ ತೀರಿಕೊಂಡರು. 1922ರ ಏಪ್ರಿಲ್ 5ರಂದು ತಾಯಿಯೂ ಕಾಲವಾದರು. ಪೂರ್ಣ ಬೈಬಲು ಹೊರಬಂದುದು 1924ರಲ್ಲಿ.

2011ರ ಜನಗಣತಿಯಂತೆ ಭಾರತದಲ್ಲಿ ನೂರಕ್ಕೆ ಎರಡೂಕಾಲರಷ್ಟು ಜನ ಕ್ರೈಸ್ತರು. ಮಹಾರಾಷ್ಟ್ರದಲ್ಲಿ ಒಬ್ಬರಿಗೂ ಕಡಿಮೆ. ಇಷ್ಟು ಸಣ್ಣ ಸಮುದಾಯದವರನ್ನು, ನೀವು ಈ ನಾಡಿನವರೇ ಎಂದು ಮತ್ತೆ ಮತ್ತೆ ಕೇಳುವವರಿದ್ದಾರೆ. ಪರಭಾಷೆಯ ಊರಿನಲ್ಲಿ ದುಡಿದು ಉಣ್ಣುವ ನಮಗೆ ಆ ಪ್ರಶ್ನೆಯ ಚುಚ್ಚು ತಿಳಿಯದ್ದಲ್ಲ. ರಮಾಬಾಯಿಯವರು ತಾವು ನಂಬಿದ್ದನ್ನು ಮುಚ್ಚಿಡಲಿಲ್ಲ, ಹುಟ್ಟಿದ ನಾಡಿನ ಊಟ, ಉಡಿಗೆ, ಭಾಷೆಗಳನ್ನೂ ತೊರೆಯಲಿಲ್ಲ. ಸೊಲ್ಲಾಪುರದ ಮಾರ್ಗವಾಗಿ ಊರಿಗೆ ಹೋಗುವ ವಾಚಕರು ಕೇಡಗಾಂವ ನಿಲ್ದಾಣ ಬಂದಾಗ ಒಮ್ಮೆ ತಲೆಯೆತ್ತಿ ನೋಡಲಿ. ಆಕೆ ಕಟ್ಟಿದ ಸಂಸ್ಥೆ ಇಂದಿಗೂ ಅಲ್ಲಿ ಅನಾಥರಿಗೆ ಅನ್ನವಿಕ್ಕುತ್ತಿದೆ.